ನಾರಾದಲ್ಲಿ ಮನೆ ನೋಡಿದ್ದು

ಬೆಥೆಸ್ಡಾ, ಮೇರಿಲ್ಯಾಂಡ್
೬ ಫೆಬ್ರವರಿ ೧೯೭೭

ಪ್ರೀತಿಯ ಅಣ್ಣನಿಗೆ ಶ್ಯಾಮಲೆಯ ನಮಸ್ಕಾರ.

ಹೆತ್ತ ತಂದೆಯನ್ನು ‘ಅಣ್ಣ’ ಎಂದು ಕರೆಯುವ ನಮ್ಮ ಮನೆಯ ರೂಢಿಯನ್ನು ಹಿರೋಶಿಗೆ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನೋಡಿ, ಪತ್ರದ ಮೊದಲ ಸಾಲಿನಲ್ಲೇ ಅವನ ಹೆಸರು ಬರೆದಿದ್ದೇನೆ. ಕ್ರಿಸ್‌ಮಸ್ ರಜೆಗೆ ಕೊಲಂಬಿಯಕ್ಕೆ ಬಂದಾಗ ಊಟದ ಮೇಜಿನಲ್ಲಿ, ಮದುವೆಯಾದರೆ ಇವನನ್ನೇ ಎಂದು ಈ ಹೆಸರು ಹೇಳಿದೆ. ನೀವು ಮಜ್ಜಿಗೆ ಅನ್ನ ಅರ್ಧಕ್ಕೇ ಬಿಟ್ಟು ಕೈ ತೊಳೆದಿರಿ. ಅಂದಿನಿಂದ ಭಾನುವಾರದ ಫೋನಿನಲ್ಲಿ ನಾವು ಮಾತಾಡುವುದು ಸೌತ್ ಕ್ಯಾರೊಲಿನದ ಬಿಸಿಲು, ಇಲ್ಲಿಯ ಹಿಮ, ನನ್ನ ಕಾರಿನ ಟೈರು, ಇಷ್ಟೇ.

ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿ ಡಾಕ್ಟರುಗಳ ಸಮ್ಮೇಳನವಿದೆ, ನಿಮಗೆ ಕರೆ ಬಂದಿದೆ, ಅಮ್ಮನನ್ನೂ ಕರೆದುಕೊಂಡು ಊರು ನೋಡಿ ಬರುತ್ತೀರಿ ಎಂದು ಅಮ್ಮನಿಂದ ತಿಳಿಯಿತು. ನಿಮ್ಮನ್ನು ಪ್ರಬಂಧ ಓದಲು ಕರೆದಿದ್ದಾರೆ ಎಂದು ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಒಂದೇ ಒಂದು ಕೇಳಿಕೆ. ಹಿರೋಶಿಯ ತಂದೆತಾಯಿ ಇರುವುದು ನಾರಾ ಎಂಬ ಹಳೆಯ ಊರಿನಲ್ಲಿ. ಕ್ಯೋಟೋದಿಂದ ಹೆಚ್ಚು ದೂರವಿಲ್ಲ. ಆ ಮನೆಗೊಮ್ಮೆ ಹೋಗಿ ಬನ್ನಿ. ನೀವು ಬೇಡವೆಂದರೆ ಸುಮ್ಮನಾಗುವ ಮಗಳು ನಾನಲ್ಲ, ಅದು ನಿಮಗೆ ಗೊತ್ತು. ಆದರೆ ನೀವು ಬಂದು ನಿಲ್ಲದ ಮದುವೆಯನ್ನು ನಾನು ಆಗುವವಳೂ ಅಲ್ಲ. ಇದು ಬೆದರಿಕೆಯಲ್ಲ ಅಣ್ಣ. ನನಗೆ ಎರಡೂ ಬೇಕು.

ನಿಮ್ಮ ಮಗಳು,
ಶ್ಯಾಮಲಾ


ಕೊಲಂಬಿಯ, ಸೌತ್ ಕ್ಯಾರೊಲಿನ
೨೦ ಫೆಬ್ರವರಿ ೧೯೭೭

ಚಿ. ಶ್ಯಾಮಲೆಗೆ ಆಶೀರ್ವಾದ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ. ನಾನು ಬೇಕೆಂದು ತಡ ಮಾಡಿದೆ ಎಂದು ನಿನ್ನ ಅಮ್ಮ ಹೇಳುತ್ತಾಳೆ. ಅವಳು ಹೇಳುವುದಕ್ಕೆಲ್ಲ ನಾನು ಜವಾಬು ಕೊಡುತ್ತ ಕೂರುವುದಿಲ್ಲ.

ನಾನು ಜಪಾನಿಗೆ ಹೋಗುತ್ತಿರುವುದು ಪ್ರಬಂಧ ಓದಲು, ದೇಶ ನೋಡಲು. ಆದರೂ ನೀನು ಕೇಳಿದ್ದೀಯ. ಹೆಣ್ಣು ಹೆತ್ತವರು ಹುಡುಗನ ಮನೆ ನೋಡಿ ಬರುವುದು ನಮ್ಮಲ್ಲಿ ಇರುವುದೇ. ಆ ಮನೆ ಅರಸೀಕೆರೆಯಲ್ಲಿದ್ದರೇನು, ನಾರಾದಲ್ಲಿದ್ದರೇನು. ನೋಡುತ್ತೇನೆ. ಆದರೆ ಕ್ರಮವಾಗಿ ನೋಡುತ್ತೇನೆ.

ಕ್ರಮ ಏನೆಂದು ನಿನಗೆ ಗೊತ್ತಿರಲಾರದು, ಹದಿನೇಳು ವರ್ಷಕ್ಕೇ ನೀನು ಈ ದೇಶಕ್ಕೆ ಬಂದೆ. ನಿನ್ನ ಸೋದರತ್ತೆಗೆ ಗಂಡು ಗೊತ್ತುಮಾಡುವಾಗ ನಮ್ಮ ತಂದೆ ಅರಸೀಕೆರೆಗೆ ಮನೆ ನೋಡಲು ಹೋದರು. ಜೊತೆಗೆ ನಾನೂ ಇದ್ದೆ. ಹುಡುಗನ ಮನೆಯವರು ಒತ್ತಾಯದಿಂದ ಎಲೆ ಹಾಕಿಯೇಬಿಟ್ಟರು. ಹುಳಿಯ ಘಮ ಬೀದಿಗೆ ಬರುತ್ತಿತ್ತು. ನಮ್ಮ ತಂದೆ ಒಂದಿಷ್ಟು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದು ಎದ್ದರು. ಸಂಬಂಧ ಕುದುರುವ ಮೊದಲು ತಿಂಡಿ ತಿನ್ನಬಹುದು, ಊಟ ಮಾಡುವಂತಿಲ್ಲ. ಒಂದು ಮನೆಯ ಅನ್ನ ಉಂಡ ಮೇಲೆ ಅವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಉಂಡರೆ ಒಪ್ಪಿದಂತೆ.

ಆದ್ದರಿಂದ ಅವರಿಗೆ ತಿಳಿಸಿಬಿಡು, ನಾವು ಬರುತ್ತೇವೆ, ಚಹ ಕುಡಿಯುತ್ತೇವೆ ಎಂದು.

ನಿನ್ನ ತಂದೆ,
ಕೃಷ್ಣಸ್ವಾಮಿ


ಟೋಕಿಯೋ
೯ ಏಪ್ರಿಲ್ ೧೯೭೭

ಚಿ. ಶ್ಯಾಮಲೆಗೆ,

ಪ್ರಬಂಧ ಚೆನ್ನಾಗಿ ಆಯಿತು. ಮುಗಿದ ಮೇಲೆ ಒಬ್ಬ ಹಿರಿಯ ಪ್ರೊಫೆಸರು ಎದ್ದು ನಿಂತು ಬಗ್ಗಿ ನಮಸ್ಕಾರ ಮಾಡಿದರು. ಇಲ್ಲಿ ಎಲ್ಲರಿಗೂ ಹಾಗೆಯೇ ಮಾಡುತ್ತಾರೆ ಎಂದು ನಿನ್ನ ಅಮ್ಮನ ವಾದ. ಇರಬಹುದು. ಆದರೆ ಅವರು ಇತರರಿಗಿಂತ ಹೆಚ್ಚು ಬಗ್ಗಿದರು.

ಊರು ಸುತ್ತುತ್ತಿದ್ದೇವೆ. ಅಸಾಕುಸಾ ಎಂಬಲ್ಲಿ ದೊಡ್ಡ ದೇವಸ್ಥಾನ. ಮುಂದೆ ದೊಡ್ಡ ಕೊಪ್ಪರಿಗೆಯಲ್ಲಿ ಊದುಬತ್ತಿ ಉರಿಯುತ್ತಿರುತ್ತದೆ. ಜನ ಆ ಹೊಗೆಯನ್ನು ಕೈಯಲ್ಲಿ ಬಾಚಿಕೊಂಡು ಮೈಗೆ ಸವರಿಕೊಳ್ಳುತ್ತಾರೆ, ನಾವು ಮಂಗಳಾರತಿ ತೆಗೆದುಕೊಂಡ ಹಾಗೆ. ನಿನ್ನ ಅಮ್ಮ ಮಂಡಿಗೆ ಸವರಿಕೊಂಡಳು. ನೋವು ಹೋಯಿತಂತೆ. ನಾನು ಡಾಕ್ಟರು, ಸುಮ್ಮನಿದ್ದೆ.

ಹೋಟೆಲುಗಳ ಗಾಜಿನ ಕಪಾಟಿನಲ್ಲಿ ಒಳಗೆ ಸಿಗುವ ಊಟವನ್ನೆಲ್ಲ ಮೇಣದಲ್ಲಿ ಮಾಡಿ ಇಟ್ಟಿರುತ್ತಾರೆ. ನಿಜವಾದದ್ದೇ ಎಂದು ತಿಳಿದು ನಿನ್ನ ಅಮ್ಮ, ‘ಪಾಪ, ಬೆಳಗಿಂದ ಹಾಗೇ ಬಿಟ್ಟಿದಾರಲ್ರೀ, ಆರಿಹೋಗಿರುತ್ತೆ’ ಎಂದು ಮರುಗಿದಳು. ಇಲ್ಲಿ ಅಕ್ಕಿ ಹಿಟ್ಟಿನ ಮೆತ್ತನೆಯ ಉಂಡೆಯೊಳಗೆ ಕೆಂಪು ಕಾಳಿನ ಸಿಹಿ ತುಂಬಿ ಮಾರುತ್ತಾರೆ. ಬಾಯಿಗಿಟ್ಟರೆ ನೇರ ನಮ್ಮ ಹೂರಣದ ಕಡುಬು. ಏಲಕ್ಕಿ ಒಂದಿಲ್ಲ. ನಾನು ಎಷ್ಟು ತಿಂದೆನೆಂದು ಬರೆಯುವುದಿಲ್ಲ.

ನೀನು ಅಮ್ಮನ ಕೈಯಲ್ಲಿ ಕೊಟ್ಟ ಕಾರ್ಡು ಉಪಯೋಗಕ್ಕೆ ಬಂತು. ‘ನಾವು ಮಾಂಸ, ಮೀನು, ಮೀನಿನ ಸಾರು ಏನನ್ನೂ ತಿನ್ನುವುದಿಲ್ಲ’ ಎಂದು ಯಾರೋ ಜಪಾನಿ ಅಕ್ಷರದಲ್ಲಿ ಬರೆದದ್ದು. ನಿನ್ನೆ ಒಂದು ಶಾವಿಗೆ ಅಂಗಡಿಯಲ್ಲಿ ತೋರಿಸಿದೆವು. ಅಡಿಗೆಯವನು ಅದನ್ನು ಓದಿದ, ಮತ್ತೆ ಓದಿದ, ಕೈ ಒರೆಸಿಕೊಂಡು ಹೊರಗೆ ಬಂದ. ತನ್ನಲ್ಲಿ ಎಲ್ಲಕ್ಕೂ ಒಣಮೀನಿನ ಸಾರೇ ಬುಡ ಎಂದು ಸನ್ನೆಯಲ್ಲಿ ತಿಳಿಸಿದ. ಬಗ್ಗಿ ಬಗ್ಗಿ ಕ್ಷಮೆ ಕೇಳಿದ. ಆಮೇಲೆ ಅಂಗಡಿ ಬಿಟ್ಟು ನಮ್ಮ ಜೊತೆ ಬೀದಿ ತಿರುವಿನ ತನಕ ನಡೆದು, ಸುಟ್ಟ ಗೆಣಸು ಮಾರುವ ಗಾಡಿಯ ಮುಂದೆ ನಿಲ್ಲಿಸಿ ಹೋದ. ಸುಮ್ಮನೆ ಬಡಿಸಿದ್ದರೆ ನನಗೇನು ಗೊತ್ತಾಗುತ್ತಿತ್ತು? ನಮ್ಮ ವ್ರತವನ್ನು ನಮಗಿಂತ ಅವನು ಕಾಪಾಡಿದ. ಇದು ನನಗೆ ಬಹಳ ಹಿಡಿಸಿತು.

ಕಾರ್ಡು ಬರೆದವರ ಅಕ್ಷರ ಸ್ಫುಟವಾಗಿದೆ ಎಂದು ಆ ಅಡಿಗೆಯವನು ಹೇಳಿದ ಹಾಗಿತ್ತು. ಸರಿಯಾಗಿ ಅರ್ಥವಾಗಲಿಲ್ಲ.

ಆಶೀರ್ವಾದಗಳು,
ಅಣ್ಣ


ಕ್ಯೋಟೋ
೧೪ ಏಪ್ರಿಲ್ ೧೯೭೭

ಚಿ. ಶ್ಯಾಮಲೆಗೆ,

ಗುಂಡಿನ ವೇಗದ ರೈಲು ಎಂದು ಕೇಳಿದ್ದೆವಲ್ಲ, ಅದರಲ್ಲಿ ಬಂದೆವು. ಲೋಟದ ನೀರು ಅಲ್ಲಾಡಲಿಲ್ಲ. ಫ್ಯೂಜಿ ಬೆಟ್ಟ ಕಿಟಕಿಯಲ್ಲಿ ಪೂರ್ತಿ ಕಾಣಿಸಿತು. ಮೋಡ ಮುಚ್ಚಿರುತ್ತದೆ, ಕಾಣುವುದು ಅದೃಷ್ಟ ಎಂದು ಪಕ್ಕದವರು ಹೇಳಿದರು. ನಮಗೆ ಕಂಡಿತು.

ಚೆರಿ ಹೂವು ಉದುರುವ ಕಾಲ. ಕಾಲುವೆಯ ನೀರೆಲ್ಲ ಬಿಳಿ ಎಸಳು. ವಾಷಿಂಗ್‌ಟನ್ನಿನಲ್ಲಿ ನೀನು ಪ್ರತಿವರ್ಷ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸುವ ಮರಗಳು ಇಲ್ಲಿಂದಲೇ ಹೋದವಂತೆ. ಅಲ್ಲಿ ಜನ ಫೋಟೋ ತೆಗೆದು ಹೊರಡುತ್ತಾರೆ. ಇಲ್ಲಿ ಮರದಡಿ ಚಾಪೆ ಹಾಸಿ, ಮನೆಯಿಂದ ಬುತ್ತಿ ತಂದು, ಅಜ್ಜಿಯರಿಂದ ಕೂಸುಗಳ ತನಕ ಕೂತು ಉಣ್ಣುತ್ತಾರೆ. ನಿನ್ನ ಅಮ್ಮ ಅವಲಕ್ಕಿ ಡಬ್ಬಿ ಬಿಚ್ಚಿದಳು. ಪಕ್ಕದ ಚಾಪೆಯ ಮುದುಕಿಗೂ ಕೊಟ್ಟಳು. ಒಗ್ಗರಣೆಯ ಮೆಣಸಿನಕಾಯಿ ಕಚ್ಚಿ ಆಕೆಯ ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಕೈ ಒಡ್ಡಿದಳು.

ಇವತ್ತು ಒಂದು ಬೌದ್ಧ ಮಠದಲ್ಲಿ ಊಟ. ಸನ್ಯಾಸಿಗಳ ಅಡಿಗೆ, ಮೀನಿನ ಸೋಂಕಿಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ನಮ್ಮ ಅಜ್ಜಿ ಬಂದು ಕೂತಿದ್ದರೂ ಉಣ್ಣುತ್ತಿದ್ದರು. ಎಳ್ಳು ಅರೆದು ಮಾಡಿದ ಗಿಣ್ಣಿನಂಥದ್ದು, ಸೋಯಾ ಹಾಲು ಒಡೆಸಿ ಮಾಡಿದ, ಬಿಸಿನೀರಿನಲ್ಲಿ ತೇಲುವ ತೋಫು, ಎಳೆ ಕಳಲೆ. ಕಳಲೆ ತಿಂದು ಎಷ್ಟು ವರ್ಷವಾಗಿತ್ತು! ಇಷ್ಟು ದಿನ ನಾನು ಪರದೇಶಗಳಲ್ಲಿ ಉಂಡಿದ್ದು ಹೊಟ್ಟೆಗೆ. ಇಲ್ಲಿ ಉಂಡೆ ಅನ್ನಿಸಿತು.

ಇದನ್ನು ಓದಿ ನಾನು ಮೆತ್ತಗಾದೆ ಎಂದು ಹಿಗ್ಗಬೇಡ. ನನಗೆ ದೇಶ ಒಪ್ಪಿಗೆಯಾಗಿದೆ. ಆದರೆ ಮಗಳನ್ನು ಕೊಡುವುದು ದೇಶಕ್ಕಲ್ಲ, ಮನೆಗೆ. ಅದನ್ನು ಭಾನುವಾರ ನೋಡಬೇಕು.

ಅಣ್ಣ


ಕ್ಯೋಟೋ
೧೭ ಏಪ್ರಿಲ್ ೧೯೭೭, ಭಾನುವಾರ

ಪುಟ್ಟೀ,

ನಿಮ್ಮಣ್ಣ ಸ್ನಾನಕ್ಕೆ ಹೋಗಿದ್ದಾರೆ. ಅವರು ಬರುವ ಮೊದಲು ಇದನ್ನು ಬರೆದು ಮುಗಿಸಬೇಕು. ನನ್ನ ಮನಸ್ಸು ಕುದಿಯುತ್ತಿದೆ.

ನಾರಾಕ್ಕೆ ಹೋದೆವು. ಮೊದಲು ಆ ದೊಡ್ಡ ಬುದ್ಧನ ದರ್ಶನ. ಜಿಂಕೆಗಳು ಬೀದಿ ಹಸುಗಳ ಹಾಗೆ ತಿರುಗುತ್ತವೆ, ನನ್ನ ಸೆರಗನ್ನೇ ತಿನ್ನಲು ಬಂದವು. ಮಧ್ಯಾಹ್ನ ಹಿರೋಶಿಯ ಮನೆ. ಅವನ ತಂದೆ ನಾಕಾನೊ ಅವರು ಹೈಸ್ಕೂಲು ಹೆಡ್ಮಾಸ್ಟರಾಗಿದ್ದವರು, ಬೆನ್ನು ಕೋಲಿನ ಹಾಗೆ ನೆಟ್ಟಗೆ. ನಿಮ್ಮಣ್ಣನ ಹಾಗೇ ಬಿಗುಮಾನ. ಅವನ ತಂಗಿ ಮಿಚಿಕೊ ಇಂಗ್ಲಿಷ್ ಓದುತ್ತಿದ್ದಾಳೆ, ಮಾತೆಲ್ಲ ಅವಳ ಮೂಲಕವೇ. ಚಿಕ್ಕ ಮನೆ. ಚಾಪೆಯ ಮೇಲೆ ಒಂದು ಕಸ ಕಾಣಲಿಲ್ಲ. ಗೂಡಿನಲ್ಲಿ ಒಂದೇ ಒಂದು ಹೂವು, ಅದರ ಪಕ್ಕದಲ್ಲಿ ನಿನ್ನ ಫೋಟೋ. ನಿಮ್ಮಣ್ಣ ಅದನ್ನು ಬಹಳ ಹೊತ್ತು ನೋಡಿದರು.

ಚಹ ಬಂತು, ಸಿಹಿ ಬಂತು, ತಿಂದರು. ಆಮೇಲೆ ಹಿರೋಶಿಯ ತಾಯಿ ಊಟ ತಂದಿಟ್ಟಳು. ಬರೀ ಚಹ ಸಾಕೆಂದು ನೀನು ತಿಳಿಸಿದ್ದೆಯಲ್ಲ, ಅದನ್ನು ಅವರು ನಮ್ಮ ಸಂಕೋಚ ಎಂದು ತಿಳಿದಿದ್ದಾರೆ. ಒಬ್ಬೊಬ್ಬರಿಗೂ ಪುಟ್ಟ ಪುಟ್ಟ ಬಟ್ಟಲು, ಬಟಾಣಿ ಹಾಕಿದ ಅನ್ನ, ಕಳಲೆ, ಸೋಯಾ ಹಾಲಿನ ಕೆನೆ ಸುತ್ತಿ ಮಾಡಿದ ಪಲ್ಯ, ತಿಳಿಸಾರು. ‘ಫಿಶ್ ಇಲ್ಲ, ಒಂದು ಹನಿಯೂ ಇಲ್ಲ’ ಎಂದು ಮಿಚಿಕೊ ಪ್ರತಿ ಬಟ್ಟಲು ಇಡುವಾಗಲೂ ಹೇಳಿದಳು. ನಿಮ್ಮಣ್ಣ ಕೈ ಮುಗಿದು, ‘ವಿ ಹ್ಯಾವ್ ಈಟನ್’ ಅಂದರು. ಬೆಳಗಿನಿಂದ ಹೊಟ್ಟೆಗೆ ಕಾಫಿ, ಆ ಸಿಹಿ ಬಿಟ್ಟು ಏನೂ ಇರಲಿಲ್ಲ!

ಆಕೆ ಮತ್ತೆ ಕೇಳಿದಳು. ಇವರು ಮತ್ತೆ ಬೇಡ ಅಂದರು. ನಾನು ಊಟದ ಕಡ್ಡಿಗೆ ಕೈ ಹಾಕಿದೆ, ಇವರು ನನ್ನ ಕಡೆ ನೋಡಿದರು. ಅವರ ಕಣ್ಣಿಗೆ ಹೆದರುವವಳಲ್ಲ ನಾನು, ಆದರೆ ಆ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಾದೆ. ಆಕೆ ಒಂದೊಂದೇ ಬಟ್ಟಲಿಗೆ ಮುಚ್ಚಳ ಹಾಕಿ ಒಳಗೆ ಒಯ್ದಳು. ನಗುತ್ತಲೇ ಇದ್ದಳು ಪುಟ್ಟೀ, ಅದನ್ನು ನನಗೆ ನೋಡಲಾಗಲಿಲ್ಲ. ಹೆಡ್ಮಾಸ್ಟರು ಬಾಗಿಲ ತನಕ ಬಂದು ಕಳಿಸಿದರು, ಮುಖ ಕಲ್ಲಾಗಿತ್ತು.

ರೈಲಿನಲ್ಲಿ ಕೇಳಿದೆ, ‘ಏನ್ರೀ ಇದು, ಆಕೆ ಮುಖ ನೋಡಿದ್ರಾ?’ ‘ಕ್ರಮ ಕ್ರಮವೇ ಕಣೇ’ ಅಂದರು.

ನೀರು ನಿಂತ ಸದ್ದಾಯಿತು, ಬರುತ್ತಿದ್ದಾರೆ.

ನಿನ್ನ ಅಮ್ಮ


ಬೆಥೆಸ್ಡಾ
೧೮ ಏಪ್ರಿಲ್ ೧೯೭೭

ಅಣ್ಣನಿಗೆ,

ನೀವು ಊರಿಗೆ ಮರಳುವಾಗ ಈ ಪತ್ರ ಕೊಲಂಬಿಯದ ಮನೆಯಲ್ಲಿ ನಿಮಗಾಗಿ ಕಾದಿರುತ್ತದೆ. ಕೋಪದಲ್ಲೇ ಬರೆಯುತ್ತಿದ್ದೇನೆ. ನಾಳೆಗೆ ಇಟ್ಟರೆ ಇದು ತಣ್ಣಗಾಗುತ್ತದೆ, ಹಾಗಾಗುವುದು ನನಗೆ ಬೇಕಿಲ್ಲ.

ನಿನ್ನೆ ನಾರಾದಿಂದ ಹಿರೋಶಿಗೆ ಫೋನು ಬಂತು. ಹಿರೋಶಿಯ ತಾಯಿ ಎರಡೇ ಮಾತು ಕೇಳಿದರಂತೆ. ‘ಅಡಿಗೆಯಲ್ಲಿ ಏನು ತಪ್ಪಾಯಿತು? ಶ್ಯಾಮಲಾ-ಸಾನ್ ಅವರನ್ನು ಕೇಳಿ ಹೇಳು.’ ಹಿರೋಶಿ ಬಂದು ನನ್ನನ್ನು ಕೇಳಿದ. ನಿಮ್ಮ ಕ್ರಮವನ್ನು ಅವನಿಗೆ ವಿವರಿಸಿದೆ. ಅವನಿಗೆ ಕೋಪ ಬರಲಿಲ್ಲ. ‘ಹಾಗಾದರೆ ನಿನ್ನ ತಂದೆ ಇನ್ನೂ ಇಲ್ಲ ಅಂದಿಲ್ಲ, ಅಮ್ಮನಿಗೆ ಕಾಗದ ಬರೆದು ತಿಳಿಸುತ್ತೇನೆ’ ಎಂದ, ಅಷ್ಟೇ. ನನಗೇ ಕೋಪ ಬಂತು.

ನೀವು ಅಮೆರಿಕಕ್ಕೆ ಬಂದ ಹೊಸದರಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರು ನಮ್ಮ ಮನೆಗೆ ಊಟಕ್ಕೆ ಬಂದು, ಅಮ್ಮನ ಬಿಸಿಬೇಳೆ ಭಾತನ್ನು ಮುಟ್ಟದೆ ಹೋದರಲ್ಲ. ಆ ದಿನ ನಿಮ್ಮ ಮುಖ ಹೇಗಿತ್ತು ಎಂಬುದು ನನಗೆ ನೆನಪಿದೆ. ನಿಮಗೆ ಇರಲಿಲ್ಲವೆ?

ನಿಮ್ಮ ಅಭಿಮಾನವನ್ನು ನೋಡಿಯೇ ನಾನು ಬೆಳೆದದ್ದು. ನಾನು ತಲೆ ಎತ್ತಿ ನಡೆಯುವುದು ನಿಮ್ಮಿಂದ ಕಲಿತದ್ದು. ಅವರಿಗೂ ಅದು ಇದೆ ಎಂದು ನಿಮಗೆ ಏಕೆ ತೋಚಲಿಲ್ಲ?

ಶ್ಯಾಮಲಾ


ಕ್ಯೋಟೋ
೧೯ ಏಪ್ರಿಲ್ ೧೯೭೭

ಚಿ. ಶ್ಯಾಮಲೆಗೆ,

ನಿನ್ನೆ ಇಡೀ ದಿನ ನಾವು ಎಲ್ಲೂ ಹೋಗಲಿಲ್ಲ. ನಿನ್ನ ಅಮ್ಮ ನನ್ನ ಜೊತೆ ಮಾತಾಡುತ್ತಿಲ್ಲ. ಕಲ್ಲು ಮರಳಿನ ಪ್ರಸಿದ್ಧ ತೋಟವೊಂದನ್ನು ಇವತ್ತು ಬೆಳಗ್ಗೆ ನಾನೊಬ್ಬನೇ ನೋಡಿಬಂದೆ. ಚೆನ್ನಾಗಿದೆ, ಆದರೆ ‘ನೋಡೇ’ ಎನ್ನಲು ಯಾರೂ ಇರಲಿಲ್ಲ.

ತಿರುಗಿ ಬಂದರೆ ಹೋಟೆಲಿನ ಹಜಾರದಲ್ಲಿ ನಾಕಾನೊ ಅವರು ಕರಿ ಕೋಟು ತೊಟ್ಟು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿದ್ದರು. ಎದ್ದು ಬಗ್ಗಿದರು. ಟೋಕಿಯೋದ ಪ್ರೊಫೆಸರು ಬಗ್ಗಿದ್ದು ಇದರ ಮುಂದೆ ಏನೂ ಅಲ್ಲ. ತಲೆ ಎತ್ತದೆಯೇ ಮಾತಾಡಿದರು, ಮಿಚಿಕೊ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

‘ನನ್ನ ಹೆಂಡತಿ ಪಾತ್ರೆಗಳನ್ನೆಲ್ಲ ಕುದಿಸಿ ಮೀನಿನ ವಾಸನೆ ತೆಗೆದಳು. ಸಾರಿಗೆ ಸಮುದ್ರದ ಸೊಪ್ಪು ಮಾತ್ರ ಹಾಕಿದಳು. ಮಠಕ್ಕೆ ಹೋಗಿ ಕೇಳಿ ಕಲಿತು ಬಂದಳು. ಆದರೂ ಎಲ್ಲೋ ತಪ್ಪಾಗಿದೆ. ಆ ತಪ್ಪು ನಮ್ಮದು, ಅದನ್ನು ನಮ್ಮ ಮಗನ ಲೆಕ್ಕಕ್ಕೆ ಹಾಕಬೇಡಿ.’

ಅವರನ್ನು ಕೂರಿಸಿ ನಮ್ಮ ಪದ್ಧತಿಯನ್ನು ಹೇಳಿದೆ, ನಮ್ಮ ತಂದೆ, ಅರಸೀಕೆರೆ, ಉಪ್ಪಿಟ್ಟು ಎಲ್ಲ. ‘ನಮ್ಮಲ್ಲಿ ಉಣ್ಣದೆ ಹೋದರೆ ಇಲ್ಲ ಎಂದಲ್ಲ, ಇನ್ನೂ ಯೋಚಿಸುತ್ತಿದ್ದೇವೆ ಎಂದು ಅರ್ಥ’ ಅಂದೆ. ಅವರು ಕೇಳಿಸಿಕೊಂಡರು. ಆಮೇಲೆ ಎದ್ದರು, ಈ ಸಲ ಬಗ್ಗಲಿಲ್ಲ. ‘ಡಾಕ್ಟರೇ, ನೀವು ಪರೀಕ್ಷೆ ಮಾಡಲು ಬಂದಿರಿ ಎಂದು ಈಗ ತಿಳಿಯಿತು. ನಾನೂ ಮೇಷ್ಟರು, ಪರೀಕ್ಷೆ ಮಾಡಲು ನನಗೂ ಬರುತ್ತದೆ. ನಿಮ್ಮ ಮನೆಯನ್ನು ನಾವು ಇನ್ನೂ ನೋಡಿಲ್ಲ’ ಎಂದು ಹೇಳಿ ಹೊರಟುಹೋದರು. ಮತ್ತೆ ಊಟಕ್ಕೆ ಬನ್ನಿ ಎನ್ನಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಎನ್ನುತ್ತಿರಲಿಲ್ಲ.

ಅವರು ರಸ್ತೆ ದಾಟುವ ತನಕ ಕಿಟಕಿಯಲ್ಲಿ ನೋಡುತ್ತಾ ನಿಂತೆ. ಮಗನಿಗಾಗಿ ಬಗ್ಗಿದ ಮನುಷ್ಯ, ತನ್ನ ಮನೆಯ ಮರ್ಯಾದೆಯ ಮಾತು ಬಂದ ಕೂಡಲೇ ನೆಟ್ಟಗಾದ. ನಿನ್ನ ಮೇಲಿನ ಕೋಪದಲ್ಲಿ ನಾಲ್ಕು ತಿಂಗಳಿಂದ ನಾನು ಆ ಮನೆಯನ್ನು ಏನೇನೋ ಕಲ್ಪಿಸಿಕೊಂಡಿದ್ದೆ. ಇಂಥವರು ಇರುತ್ತಾರೆ ಎಂದು ಕಲ್ಪಿಸಿಕೊಂಡಿರಲಿಲ್ಲ.

ನಾಳೆ ಇನ್ನೊಮ್ಮೆ ನಾರಾಕ್ಕೆ ಹೋಗುತ್ತೇವೆ. ಬುದ್ಧನನ್ನು ಅವಸರದಲ್ಲಿ ನೋಡಿದ ಹಾಗಾಯಿತು.

ಅಣ್ಣ


ಕ್ಯೋಟೋ
೨೧ ಏಪ್ರಿಲ್ ೧೯೭೭

ಪುಟ್ಟೀ,

ನಿಮ್ಮಣ್ಣ ಬುದ್ಧನನ್ನು ನೋಡಲಿಲ್ಲ. ರೈಲು ಇಳಿದವರು ನೆಟ್ಟಗೆ ಆ ಮನೆಯ ದಾರಿ ಹಿಡಿದರು. ಬರುತ್ತೇವೆಂದು ಹೇಳಿ ಕಳಿಸಿರಲಿಲ್ಲ. ‘ಅವರು ಕರೆದಿಲ್ಲವಲ್ರೀ’ ಅಂದೆ. ‘ಗೊತ್ತು’ ಅಂದರು. ಬಾಗಿಲ ಮುಂದೆ ಹೋಗಿ ಟೈ ಸರಿ ಮಾಡಿಕೊಂಡರು. ಮೂವತ್ತು ವರ್ಷದಲ್ಲಿ ಅವರು ಯಾರ ಮನೆ ಬಾಗಿಲಲ್ಲೂ ಏನನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ತಂದೆಯ ಹತ್ತಿರವೂ ಕೇಳಿದವರಲ್ಲ.

ಬಾಗಿಲು ತೆಗೆದದ್ದು ಹಿರೋಶಿಯ ತಾಯಿ. ಅವರ ಹಿಂದೆ ಹೆಡ್ಮಾಸ್ಟರು, ಮಿಚಿಕೊ. ನಿಮ್ಮಣ್ಣನ ಬಾಯಿಗೆ ಇಂಗ್ಲಿಷೇ ಬರಲಿಲ್ಲ. ‘ಹಸಿದು ಬಂದಿದೀವಿ ತಾಯಿ, ಊಟ ಹಾಕಿ’ ಅಂದುಬಿಟ್ಟರು, ಅಚ್ಚ ಕನ್ನಡದಲ್ಲಿ! ಮಿಚಿಕೊ ಕಣ್ಣು ಕಣ್ಣು ಬಿಟ್ಟಳು. ಆದರೆ ಹಿರೋಶಿಯ ತಾಯಿಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ. ನಿಮ್ಮಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಅವತ್ತಿನ ಹಾಗೆ ವಿಶೇಷವೇನೂ ಇರಲಿಲ್ಲ. ಹೆಡ್ಮಾಸ್ಟರು ತಾವೇ ಪಾತ್ರೆ ಹಿಡಿದು ಓಡಿಹೋಗಿ ಬಿಸಿ ತೋಫು ತಂದರು. ಆಕೆ ಅನ್ನಕ್ಕೆ ಇಟ್ಟರು, ನಾನು ಮೂಲಂಗಿ ಹೆಚ್ಚಿಕೊಟ್ಟೆ. ನಮ್ಮಿಬ್ಬರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಅಡಿಗೆಮನೆಯಲ್ಲಿ ಮಾತು ನಿಲ್ಲಲೇ ಇಲ್ಲ. ಊಟಕ್ಕೆ ಕೂತಾಗ ನಿಮ್ಮಣ್ಣ ನಿನ್ನ ಫೋಟೋ ಕಡೆ ಮುಖ ಮಾಡಿ ಕೂತರು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಒಗ್ಗರಣೆ ಖಾರ ಏನೂ ಇಲ್ಲದ ಬರೀ ಅನ್ನ, ಸಾರು ಪುಟ್ಟೀ. ಅವರ ಕಣ್ಣಲ್ಲಿ ನೀರು ಬಂದಿತ್ತು. ಹೆಡ್ಮಾಸ್ಟರು ನೋಡಿಯೂ ನೋಡದವರ ಹಾಗೆ ಕಿಟಕಿಯ ಕಡೆ ತಿರುಗಿದರು.

ನನಗಂತೂ ಇವರ ಕೈ ಹಿಡಿದದ್ದಕ್ಕೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಇದನ್ನು ಅವರಿಗೆ ಹೇಳಬೇಡ, ತಲೆಗೇರುತ್ತದೆ.

ನಿಮ್ಮಣ್ಣ ಏನೋ ಬರೆಯಬೇಕಂತೆ, ಕಾಗದ ಕಿತ್ತುಕೊಳ್ಳುತ್ತಿದ್ದಾರೆ.

ಅಮ್ಮ

ಶ್ಯಾಮಲಾ, ನಿನ್ನ ಅಮ್ಮ ಎಲ್ಲವನ್ನೂ ಹೆಚ್ಚು ಮಾಡಿ ಬರೆಯುತ್ತಾಳೆ. ಶುಂಠಿ ಖಾರವಾಗಿತ್ತು, ಅದಕ್ಕೇ ಕಣ್ಣಲ್ಲಿ ನೀರು. ಅನ್ನ ಎರಡು ಸಲ ಹಾಕಿಸಿಕೊಂಡೆ. ನಿನ್ನ ಮಾವನವರು, ಅತ್ತೆಯವರು ಅಕ್ಟೋಬರ್‌ನಲ್ಲಿ ಕೊಲಂಬಿಯಕ್ಕೆ ನಮ್ಮ ಮನೆ ನೋಡಲು ಬರುತ್ತಾರೆ. ಊಟಕ್ಕೇ ಬನ್ನಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಬರೀ ತಿಂಡಿ ತಿನ್ನುತ್ತಾರಂತೆ, ಊಟದ ವಿಷಯ ಆಮೇಲೆ ಯೋಚಿಸಿ ತಿಳಿಸುತ್ತಾರಂತೆ. ಎಂಥ ಜನ! — ಅಣ್ಣ